ಹಾದಿ: ಪರವಾಗಿಲ್ಲ

ಬೆಟ್ಟದ ಬುಡದ ಅರಣ್ಯ ಇಲಾಖೆಯ ಕಚೇರಿಯಲ್ಲಿ ಅವನಿಗೆ ಸಂಬಳ ಕೊಡುತ್ತಿದ್ದುದು ಒಂದೇ ಕೆಲಸಕ್ಕೆ. ಬೆಟ್ಟದ ಬೆನ್ನಿನ ಮೇಲಿನ ಹಾದಿ ಇವತ್ತು ಹೇಗಿದೆ ಎಂದು ಬೆಳಿಗ್ಗೆ ಬಾಗಿಲಾಚೆಯ ಕರಿಹಲಗೆಯ ಮೇಲೆ ಬರೆಯಬೇಕು. ಅವನು ಬರೆಯುತ್ತಿದ್ದುದೂ ಒಂದೇ ಪದ: ಪರವಾಗಿಲ್ಲ.

ಈ ಪದ ಸುಮ್ಮನೆ ಸಿಕ್ಕಿದ್ದಲ್ಲ. ‘ಚೆನ್ನಾಗಿದೆ’ ಎಂದು ಬರೆದ ದಿನ ಯಾರಾದರೂ ಬಿದ್ದರೆ ನೌಕರಿಗೆ ಕುತ್ತು. ‘ಚೆನ್ನಾಗಿಲ್ಲ’ ಎಂದರೆ ಎದುರಿನ ಬಾಡಿಗೆ ಬೂಟಿನ ಅಂಗಡಿಯವರ ಶಾಪ. ಇದಾದರೋ ಹಾವೂ ಸಾಯದ, ಕೋಲೂ ಮುರಿಯದ ಪದ. ಜನ ಅದರ ಮುಂದೆ ತುಸು ತಲೆ ಕೆರೆದುಕೊಳ್ಳುತ್ತಿದ್ದರು. ಧೈರ್ಯಸ್ಥರು ಓದಿ ಹತ್ತುತ್ತಿದ್ದರು, ಪುಕ್ಕಲರು ಓದಿ ಮನೆಗೆ ಹೋಗುತ್ತಿದ್ದರು, ಇಬ್ಬರೂ ಅವನಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಸ್ವತಃ ಅವನು ಬೆಟ್ಟ ಹತ್ತಿದ್ದು ಕೆಲಸಕ್ಕೆ ಸೇರಿದ ವಾರ, ಅದೂ ಮೊದಲ ಕಲ್ಲುಬೆಂಚಿನವರೆಗೆ. ಆಮೇಲೆ ಬೆಟ್ಟವನ್ನು ಕಿಟಕಿಯಿಂದಲೇ ವಿಚಾರಿಸಿಕೊಳ್ಳುತ್ತಿದ್ದ. ಗಾಜು ಒರೆಸಿದ ದಿನ ಬೆಟ್ಟದ ಮೇಲೆ ಮಂಜು ಕಡಿಮೆ ಇರುತ್ತಿತ್ತು.

ಪದ ನಾಲಿಗೆಗೂ ಅಂಟಿತ್ತು. ಅವನಿದ್ದದ್ದು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ. “ಸಾರು ಹೇಗಿದೆಯೋ?” ಎಂದು ಅಕ್ಕ ಕೇಳಿದಾಗಲೂ “ಪರವಾಗಿಲ್ಲ” ಎಂದದ್ದಕ್ಕೆ ಅವಳು ತಟ್ಟೆಯನ್ನೇ ಎತ್ತಿಕೊಂಡು ಹೋದದ್ದುಂಟು.

ಇಂಥವನು ಬೂಟಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ಮದುವೆಯಾಗುತ್ತೀಯಾ ಎಂದು ಕೇಳಿಬಿಟ್ಟಿದ್ದ. ಅವಳು, “ನನಗೇನೋ ಇಷ್ಟ. ಆದ್ರೆ ಅಪ್ಪ ನಿಮ್ಮನ್ನ ನೋಡಿ ಹೂಂ ಅನ್ನಬೇಕು. ಅವರನ್ನ ಬಿಟ್ಟು ನಾನು ಒಂದು ಹೆಜ್ಜೆ ಇಡೋಳಲ್ಲ,” ಎಂದಿದ್ದಳು.

ಎಲೆಯೆಲ್ಲ ಉದುರಿ, ಚಳಿ ಇನ್ನೇನು ಒಳಗೆ ಕಾಲಿಡಬೇಕೆನ್ನುವ ದಿನಗಳಲ್ಲಿ ಅಪ್ಪ ಬಂದರು. ನಿವೃತ್ತ ಬಸ್ ಡ್ರೈವರು. ಹುಡುಗನನ್ನು ನೋಡುವ ಮೊದಲು ಹಲಗೆಯನ್ನು ನೋಡಿದರು.

“ಪರವಾಗಿಲ್ಲ ಅಂದ್ರೆ ಏನಪ್ಪಾ?”

“ಅಂದ್ರೆ... ಪರವಾಗಿಲ್ಲ ಸಾರ್.”

“ಹತ್ತಬಹುದಾ?”

“ಹತ್ತೋರು ಹತ್ತಬಹುದು.”

“ಬಸ್ಸಿನ ಬ್ರೇಕು ಪರವಾಗಿಲ್ಲ ಅಂದ್ರೆ ನೀನು ಬಸ್ ಹತ್ತುತೀಯಾ?”

ಅವನು ಹಲಗೆ ಒರೆಸುವ ಬಟ್ಟೆಗೆ ಕೈಹಾಕಿದ.

“ನಡಿ. ಉಳಿದ ಮಾತು ಮೇಲೆ ಹೋಗಿ ಆಡೋಣ.”

ಹುಡುಗಿ ಬೂಟು ತಂದುಕೊಟ್ಟು, “ಎಲೆ ರಾಶಿ ಮೇಲೆ ಕಾಲಿಡಬೇಡಿ, ಕೆಳಗೆ ಏನಿರುತ್ತೋ,” ಎಂದಳು.

“ನನಗೇ ಹೇಳ್ತೀಯಾ? ನಾನು ಇಲಾಖೆಯವನು.”

ಇಲಾಖೆಯವನಿಗೆ ಕಲ್ಲುಬೆಂಚು ದಾಟುವಷ್ಟರಲ್ಲಿ ನಾಲಿಗೆ ಹೊರಬಂತು. ಬಿಸಿಲು ತಾಗದ ಮರದ ಮೆಟ್ಟಿಲುಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಗಾಜಿನಂತಿತ್ತು. ಮಾವನಾಗಬೇಕಾದವರು ಮಾತ್ರ ಊರುಗೋಲೂರಿ, ಗೇರ್ ಬದಲಿಸುವವರಂತೆ ಉಸಿರು ಬದಲಿಸುತ್ತ ಹತ್ತುತ್ತಿದ್ದರು. ಪ್ರತಿ ತಿರುವಿನಲ್ಲೂ ಬಾಯಲ್ಲೇ “ಪೋಂ ಪೋಂ” ಎನ್ನುತ್ತಿದ್ದರು.

“ಎದುರಿಗೆ ಯಾರೂ ಇಲ್ಲ ಸಾರ್.”

“ಹಾಗಂತ ನಂಬಿದ ಡ್ರೈವರ್‌ಗಳು ಯಾರೂ ಈಗ ಇಲ್ಲ.”

ಬೆಟ್ಟದ ಬೆನ್ನ ಮೇಲೆ ಗಾಳಿ ಅಂಗಿಯೊಳಗೆ ನುಗ್ಗಿ ಲೆಕ್ಕ ಕೇಳತೊಡಗಿತು. ಹಾದಿ ಎರಡು ಮೊಳ ಅಗಲ, ಅದರ ತುಂಬ ಎಲೆ. ಮದುವೆಯ ವಿಷಯ ಎತ್ತಲು ಇದೇ ಸಮಯವೆಂದು, ಕೂದಲು ಸರಿಮಾಡಿಕೊಂಡು, “ಸಾರ್, ನಾನು ನಿಮ್ಮ ಮಗಳನ್ನ...” ಎನ್ನುತ್ತ ಎಲೆಯ ಮೇಲೆ ಕಾಲಿಟ್ಟ. ಎಲೆಯ ಕೆಳಗೆ ಪಾಚಿಗಟ್ಟಿದ ಬಂಡೆ. ಕುಂಡಿಯ ಮೇಲೆ ಕೂತು ಜಾರುತ್ತ ಅವರನ್ನು ದಾಟಿ ಹೋದ. ಅಂಚಿನ ಕೆಳಗೆ ಒಂದು ಪೊದೆ ಕೈಗೆ ಸಿಕ್ಕದಿದ್ದರೆ ಮರುದಿನ ಹಲಗೆಯ ಮೇಲೆ ಬೇರೆಯವರು ಬರೆಯಬೇಕಿತ್ತು.

ಮೇಲಿನಿಂದ ಅವರ ಊರುಗೋಲು ಇಳಿದುಬಂತು. “ಹೇಗಿದೀಯಪ್ಪಾ?”

ರೂಢಿಬಿದ್ದ ನಾಲಿಗೆ. “ಪರವಾಗಿಲ್ಲ ಸಾರ್.”

“ಸರಿ ಹಾಗಾದ್ರೆ.” ಕೋಲು ಮೇಲಕ್ಕೆ ಹೋಯಿತು.

“ಅಯ್ಯೋ, ಇಲ್ಲ ಸಾರ್! ಪೊದೆ ಬೇರುಸಮೇತ ಬರ್ತಿದೆ! ಎಡಮೊಣಕಾಲು ಉರೀತಿದೆ, ಬಲಗಾಲಿಗೆ ನೆಲ ಸಿಕ್ತಿಲ್ಲ, ಪ್ಯಾಂಟು ಹಿಂದೆ ಹರಿದಿದೆ, ನನಗೆ ಭಯ ಆಗ್ತಿದೆ!”

“ಹಾಂ. ಇದಕ್ಕೆ ಹೇಳೋದು ವರದಿ ಅಂತ,” ಎಂದು ಅವರು ಕೋಲು ಇಳಿಬಿಟ್ಟರು.

ಹೊತ್ತು ಬೇಗ ಮುಳುಗುವ ಕಾಲ. ಇಬ್ಬರೂ ಇಳಿದರು. ಒಬ್ಬರು ತಿರುವುಗಳಲ್ಲಿ ಹಾರ್ನ್ ಮಾಡುತ್ತ, ಇನ್ನೊಬ್ಬ ಎರಡೂ ಕೈಯಿಂದ ಪ್ಯಾಂಟಿನ ಮಾನ ಕಾಯುತ್ತ. ಮಗಳ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮರುದಿನ ಹಲಗೆ ಸಾಲಲಿಲ್ಲ. ‘ನೆರಳಿನ ಮೆಟ್ಟಿಲುಗಳ ಮೇಲೆ ಹಿಮ. ಎಲೆಯಡಿ ಪಾಚಿಬಂಡೆ, ಕೋಲಿನಿಂದ ತಡವಿ ಕಾಲಿಡಿ. ಮೇಲೆ ವಿಪರೀತ ಗಾಳಿ. ಬಿಸಿಲಿರುವಾಗಲೇ ಇಳಿಯಿರಿ. ಪೊದೆಗಳನ್ನು ನಂಬಬೇಡಿ.’ ಕೊನೆಯ ಸಾಲು ಹಲಗೆಯ ಚೌಕಟ್ಟಿನ ಮೇಲೆ ಹತ್ತಿತ್ತು.

ಹುಡುಗಿ ಅಂಗಡಿಯ ಬಾಗಿಲಿನಲ್ಲಿ ನಿಂತು ಪೂರ್ತಿ ಓದಿದಳು.

“ನಿಮ್ಮಪ್ಪ ನನ್ನ ಬಗ್ಗೆ ಏನಂದ್ರು?” ಅವನು ರಸ್ತೆಯ ಈಚೆಯಿಂದಲೇ ಕೂಗಿ ಕೇಳಿದ.

“ಹುಡುಗ ಪರವಾಗಿಲ್ಲ ಅಂದ್ರು.”

ಇಷ್ಟು ಕಾಲ ಜನ ಈ ಹಲಗೆಯ ಮುಂದೆ ತಲೆ ಕೆರೆದುಕೊಂಡು ನಿಲ್ಲುತ್ತಿದ್ದುದು ಯಾಕೆಂದು ಅವನಿಗೆ ಈಗ ತಿಳಿಯಿತು.

“ಅಂದ್ರೆ? ಹತ್ತಬಹುದಾ?”

ಅವಳು ನಗು ತಡೆದುಕೊಂಡಳು. “ಹತ್ತೋರು ಹತ್ತಬಹುದು.”

ಅವನು ಸೀಮೆಸುಣ್ಣ ಕೆಳಗಿಟ್ಟು ರಸ್ತೆ ದಾಟಿದ. ರಸ್ತೆಯ ತುಂಬ ಎಲೆ ಬಿದ್ದಿತ್ತು. ಒಂದರ ಮೇಲೂ ಕಾಲಿಡಲಿಲ್ಲ.