ಕಾರು ತಿಂದ ನಾಲ್ಕು ದಿನ

ಏಣಿಯ ಕೆಳಗಿನಿಂದ ಐದನೆಯ ಮೆಟ್ಟಿಲಿಗೆ ಅಮ್ಮ ಕೆಂಪು ರಿಬ್ಬನ್ ಕಟ್ಟಿದ್ದಳು. ಹಣ್ಣಿನ ಬುಟ್ಟಿಗೆ ಸುತ್ತಿದ್ದ ರಿಬ್ಬನ್ ಅದು. ಎರಡು ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದ್ದಳು.

ಏಣಿ ಇದ್ದದ್ದು ಮಾಲ್ದೀವ್ಸಿನ ಒಂದು ದ್ವೀಪದಲ್ಲಿ. ನೀರಿನಲ್ಲಿ ಕಂಬ ನಿಲ್ಲಿಸಿ ಕಟ್ಟಿದ ಮನೆಯ ಹಿಂದಿನ ಜಗಲಿಯಿಂದ ಅದು ನೇರ ಸಮುದ್ರಕ್ಕೆ ಇಳಿಯುತ್ತಿತ್ತು. ಆ ಮನೆಯಲ್ಲಿ ನಾಲ್ಕು ದಿನ ಇರುವುದಕ್ಕೆ ನಾನು ಕೊಟ್ಟ ಹಣದಲ್ಲಿ ಒಂದು ಕಾರು ಬರುತ್ತಿತ್ತು. ಇದು ಹೋಲಿಕೆಯ ಮಾತಲ್ಲ. ಅದು ಕಾರಿನ ಹಣವೇ ಆಗಿತ್ತು. ಬಂಟ್ವಾಳದಿಂದ ಮೂಡುಬಿದಿರೆಗೆ ದಿನವೂ ಬಸ್ಸಿನಲ್ಲಿ ನಿಂತು ಹೋಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ಯಾರೋ ಓಡಿಸಿ ಬಿಟ್ಟ ಸಣ್ಣ ಕಾರೊಂದನ್ನು ಕೊಳ್ಳಲೆಂದು ನಾಲ್ಕು ವರ್ಷ ಕೂಡಿಟ್ಟದ್ದು. ಮಗಳು ಆ ಹಣವನ್ನು ಈ ಪ್ರವಾಸಕ್ಕೆ ಸುರಿದಳೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಅವಳು ಮುಂದಿನ ತಿಂಗಳು ಕಾರು ಬರುತ್ತದೆಂದು ಶೆಡ್ಡಿನಿಂದ ಸೌದೆಯನ್ನೆಲ್ಲ ತೆಗೆಸಿ, ನೆಲ ಗುಡಿಸಿ, ಜಾಗ ಮಾಡಿಟ್ಟಿದ್ದಳು. ಪ್ರವಾಸದ ಬಗ್ಗೆ ನಾನು ಹೇಳಿದ್ದು "ಏನೋ ಆಫರ್ ಉಂಟು" ಎಂದಷ್ಟೇ.

ಹೀಗೆ ಮಾಡಲು ಕಾರಣ ಒಂದು ಕ್ಯಾಲೆಂಡರ್. ಕಲ್ಲಡ್ಕದ ಬಟ್ಟೆ ಅಂಗಡಿಯವರು ಕೊಟ್ಟದ್ದು. ಅದರ ಏಪ್ರಿಲ್ ಹಾಳೆಯಲ್ಲಿ ನೀಲಿ ನೀರಿನ ಮೇಲೆ ಕಾಲೂರಿ ನಿಂತ ಮನೆಗಳ ಚಿತ್ರವಿತ್ತು. ಏಪ್ರಿಲ್ ಹೋಯಿತು, ಆ ವರ್ಷ ಹೋಯಿತು, ಮತ್ತೆರಡು ವರ್ಷ ಹೋದವು. ಅಮ್ಮ ಹಾಳೆ ತಿರುವಲಿಲ್ಲ. ಹಾಲು ಉಕ್ಕುವುದನ್ನು ಕಾಯುತ್ತಾ ಅದನ್ನೇ ನೋಡುತ್ತಿದ್ದಳು. ಎಷ್ಟೋ ಸಲ ಹಾಲು ಉಕ್ಕಿಯೇ ಹೋಗುತ್ತಿತ್ತು. ಮೂವತ್ತು ವರ್ಷಗಳಲ್ಲಿ ಹಾಲು ಉಕ್ಕಿಸದ ಹೆಂಗಸು ಒಂದು ಚಿತ್ರದ ಮುಂದೆ ಮೈಮರೆಯುತ್ತಾಳೆಂದರೆ ಅದಕ್ಕೆ ಒಂದೇ ಅರ್ಥ ಎಂದು ನಾನು ತೀರ್ಮಾನಿಸಿದೆ. ಪ್ರಯೋಗಾಲಯದಲ್ಲಿ ಇಷ್ಟು ಕಡಿಮೆ ಪುರಾವೆಯ ಮೇಲೆ ಯಾವ ವಿದ್ಯಾರ್ಥಿ ತೀರ್ಮಾನಕ್ಕೆ ಬಂದರೂ ನಾನು ಅಂಕ ಕೊಡುವುದಿಲ್ಲ.

ಸ್ಟಾಫ್ ರೂಮಿನಲ್ಲಿ ರಜೆಯ ಅರ್ಜಿ ಬರೆಯುತ್ತಿದ್ದಾಗ ಪಕ್ಕದ ಮೇಜಿನ ಮೇಡಂ ಬಗ್ಗಿ ನೋಡಿದರು.

"ಮಾಲ್ದೀವ್ಸಾ! ಅದು ಹನಿಮೂನಿಗೆ ಹೋಗುವ ಜಾಗ ಅಲ್ವಾ? ಯಾರು ಮಾರಾಯ್ರೆ, ನಮಗೆ ಹೇಳಲೇ ಇಲ್ಲ?"

"ಅಮ್ಮ" ಎಂದೆ.

ಅವರು ತಮ್ಮ ಉತ್ತರಪತ್ರಿಕೆಗಳ ಕಟ್ಟಿಗೆ ಮರಳಿದರು.

ದ್ವೀಪದವರು ಕೂಡ ಹಾಗೆಯೇ ತಿಳಿದುಕೊಂಡಿದ್ದರೆಂದು ಕಾಣುತ್ತದೆ. ಬಾಗಿಲು ತೆರೆದರೆ ಮಂಚದ ಮೇಲೆ ಟವೆಲಿನಲ್ಲಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ಸುತ್ತ ಹೂವಿನ ದಳ. ಅಮ್ಮ ಮೊದಲು ಹಂಸಗಳನ್ನು ಬಿಚ್ಚಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಇಟ್ಟಳು. ಆಮೇಲೆ ದಳಗಳನ್ನು ತಟ್ಟೆಗೆ ಗುಡಿಸಿದಳು. ಆಮೇಲೆ ಜಗಲಿಗೆ ಹೋಗಿ ಏಣಿ ನೋಡಿದಳು.

"ನೀರು ಈಗ ಎರಡನೆಯ ಮೆಟ್ಟಿಲಲ್ಲಿ ಉಂಟು" ಎಂದಳು.

ಆ ಸ್ವರ ನನಗೆ ಗೊತ್ತು. ಅಮ್ಮ ಹುಟ್ಟಿದ್ದು ಬಂಟ್ವಾಳ ಪೇಟೆಯಲ್ಲಿ, ನೇತ್ರಾವತಿಗೆ ಬೆನ್ನು ಹಾಕಿ ನಿಂತ ಮನೆಯೊಂದರಲ್ಲಿ. ಮಳೆಗಾಲದಲ್ಲಿ ಅಲ್ಲಿ ಸಮಯ ನೋಡುತ್ತಿದ್ದದ್ದು ಮೆಟ್ಟಿಲಿನಲ್ಲಿ. ಹೊಳೆ ಹಿತ್ತಿಲಿನ ಮೂರನೆಯ ಮೆಟ್ಟಿಲಿಗೆ ಬಂದರೆ ಕೋಳಿಗಳು ಒಳಗೆ, ನಾಲ್ಕಕ್ಕೆ ಅಕ್ಕಿಮುಡಿ ಅಟ್ಟಕ್ಕೆ, ಐದಕ್ಕೆ ಮನುಷ್ಯರು ಮಾಳಿಗೆಗೆ. ಮೆಟ್ಟಿಲು ಎಣಿಸಿ ಕೂಗುವ ಕೆಲಸ ಮನೆಯ ಹಿರಿಯ ಮಗಳಾದ ಅಮ್ಮನದ್ದು. ಮದುವೆಯಾಗಿ ಹೊಳೆ ಬಾರದ ಎತ್ತರದ ಮನೆಗೆ ಬಂದ ಮೇಲೂ ಅವಳ ಎಣಿಕೆ ನಿಂತಿಲ್ಲ.

ಎರಡನೆಯ ದಿನ ಮಧ್ಯಾಹ್ನ ನಾನು ದೋಣಿಯ ಸಮಯ ಕೇಳಲು ರಿಸೆಪ್ಷನ್ ಕೌಂಟರಿನ ತನಕ ಹೋಗಿದ್ದೆ. ಮರಳಿ ಬಂದಾಗ ಎರಡೂ ಸೂಟ್‌ಕೇಸು ಮಂಚದ ಮೇಲಿದ್ದವು. ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲಾಗಿ ಕೂತಿದ್ದವು. ಟೀವಿಯ ಪ್ಲಗ್ ಕಿತ್ತಿತ್ತು. ಚಪ್ಪಲಿಗಳು ಕಪಾಟಿನ ತಲೆಯ ಮೇಲೆ. ಪಾಸ್‌ಪೋರ್ಟುಗಳನ್ನು ಅಮ್ಮ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಕಟ್ಟಿ, ಎದೆಗೆ ಅವಚಿಕೊಂಡು ಮಂಚದ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ನಾಲ್ಕಕ್ಕೆ ಬಂತು. ಇನ್ನು ಒಂದೇ ಮೆಟ್ಟಿಲು ಇರುವುದು."

"ಅಮ್ಮಾ, ಇದು ಸಮುದ್ರದ ಉಬ್ಬರ. ದಿನಾ ಬರುತ್ತದೆ, ದಿನಾ ಹೋಗುತ್ತದೆ. ಚಂದ್ರನ ಸೆಳೆತ—"

"ಚಂದ್ರನದ್ದು ಚಂದ್ರ ನೋಡಿಕೊಳ್ಳಲಿ. ಪೇಟೆಯ ಮನೆಯಲ್ಲಿರುವಾಗ ಪಕ್ಕದ ಅಂಗಡಿಯವರೂ ಹಾಗೆಯೇ ಹೇಳಿದ್ದು, ಬಂದದ್ದು ಹೋಗ್ತದೆ ಅಂತ. ಬೆಳಿಗ್ಗೆ ನೋಡುವಾಗ ಅವರ ಬೆಲ್ಲದ ಗೋಣಿಯೆಲ್ಲ ಪಾನಕ."

ಅಷ್ಟರಲ್ಲಿ ಕೋಣೆ ಒಪ್ಪ ಮಾಡುವವರು ಬಾಗಿಲು ತಟ್ಟಿ ಒಳಗೆ ಬಂದರು. ಐವತ್ತು ದಾಟಿದ, ತೆಳ್ಳಗಿನ, ಅಲ್ಲಿಯವರೇ ಆದ ಮನುಷ್ಯ. ಮೇಜಿನ ಮೇಲಿನ ಕುರ್ಚಿ ನೋಡಿದರು, ಮಂಚದ ಮೇಲಿನ ಅಮ್ಮನನ್ನು ನೋಡಿದರು. ನನಗೆ ನೆಲ ಬಿರಿಯಬಾರದೇ ಅನಿಸಿತು, ಆದರೆ ಅಲ್ಲಿ ನೆಲವೇ ಇರಲಿಲ್ಲ. ಅವರು ನಗಲಿಲ್ಲ. ಜಗಲಿಗೆ ಹೋಗಿ, ರಿಬ್ಬನ್ ನೋಡಿ, ಕುಕ್ಕರಗಾಲಿನಲ್ಲಿ ಕೂತು ಅಮ್ಮನನ್ನು ಕೈಸನ್ನೆ ಮಾಡಿ ಕರೆದರು. ಏಣಿಯ ಪಕ್ಕದ ಮರದ ಹಲಗೆಯ ಮೇಲೆ ಒಂದು ಕಪ್ಪು ಗೆರೆ ಇತ್ತು. ಅದರ ಕೆಳಗೆ ಪಾಚಿ, ಮೇಲೆ ಒಣ ಮರ. ಗೆರೆ ರಿಬ್ಬನ್ನಿಗಿಂತ ನಾಲ್ಕು ಬೆರಳು ಕೆಳಗಿತ್ತು. ಅವರು ಬೆರಳಿಟ್ಟು ತೋರಿಸಿ, ಅರ್ಧ ಹಿಂದಿಯಲ್ಲಿ, "ಹನ್ನೊಂದು ವರ್ಷ. ಇಲ್ಲಿಗೇ ನಿಲ್ಲುತ್ತದೆ" ಎಂದರು.

ಅಮ್ಮ ಗೆರೆಯನ್ನು ಮುಟ್ಟಿ ನೋಡಿದಳು. ಅವಳ ತವರುಮನೆಯ ಗೋಡೆಯ ಮೇಲೂ ಅಂಥ ಗೆರೆಗಳಿವೆ. ನನ್ನ ಚಂದ್ರನನ್ನು ನಂಬದವಳು ಗೆರೆಯನ್ನು ಕೂಡಲೇ ನಂಬಿದಳು.

"ಕುರ್ಚಿ ಇಳಿಸಲಾ?" ಎಂದು ಅವರು ಕೇಳಿದರು.

"ನಾಳೆ ತನಕ ಅಲ್ಲೇ ಇರಲಿ" ಎಂದಳು ಅಮ್ಮ. ನಂಬಿಕೆ ಬೇರೆ, ಕುರ್ಚಿ ಬೇರೆ.

ಅವರು ಹೋದ ಮೇಲೆ ನಾನು ಕೇಳಿಯೇಬಿಟ್ಟೆ. "ಇಷ್ಟು ಹೆದರಿಕೆ ಇರುವಾಗ ಮೂರು ವರ್ಷ ಆ ಚಿತ್ರವನ್ನು ಅಷ್ಟು ಆಸೆಯಿಂದ ಯಾಕೆ ನೋಡುತ್ತಿದ್ದೆ?"

"ಆಸೆಯಾ? ಯಾರಿಗೆ ಆಸೆ? ನನಗೆ ಸಂಶಯ ಇದ್ದದ್ದು ಮಾರಾಯ್ತಿ!"

"ಎಂಥ ಸಂಶಯ?"

"ಆ ಕಂಬ ಮರದ್ದಾ, ಸಿಮೆಂಟಿನದ್ದಾ ಅಂತ. ಮರದ್ದಾದರೆ ಉಪ್ಪುನೀರಿನಲ್ಲಿ ಹುಳ ಹಿಡಿಯದೆ ಹೇಗೆ ನಿಲ್ಲುತ್ತದೆ? ಸಿಮೆಂಟಾದರೆ ಚಿತ್ರದಲ್ಲಿ ಮರದ ಹಾಗೆ ಯಾಕೆ ಕಾಣುವುದು? ದಿನಾ ನೋಡುತ್ತಿದ್ದೆ, ಗೊತ್ತಾಗಲೇ ಇಲ್ಲ."

ನಾನು ಸೂಟ್‌ಕೇಸಿಗೆ ಒರಗಿ ಕೂತೆ. ನಾಲ್ಕು ವರ್ಷದ ಉಳಿತಾಯ ಖರ್ಚಾದದ್ದು ಒಂದು ಕಂಬದ ಸಂಶಯಕ್ಕೆ. ಅಮ್ಮ ನನ್ನ ಮುಖ ನೋಡಿದಳು.

"ಎಷ್ಟು ಕೊಟ್ಟೆ ನೀನು? ಆಫರ್ ಅಂತ ಹೇಳಬೇಡ. ಇಲ್ಲಿ ಒಂದು ಬೊಂಡ ಕೆತ್ತಿ ಕೊಟ್ಟದ್ದಕ್ಕೆ ಬರೆದ ರೇಟಿನಲ್ಲಿ ನಮ್ಮ ತೆಂಗಿನ ಮರ ಹತ್ತುವವರಿಗೆ ಒಂದು ದಿನದ ಸಂಬಳ ಆಗುತ್ತದೆ."

"ಕಾರು" ಎಂದೆ.

"ಹಾಂ?"

"ಶೆಡ್ಡಿಗೆ ಸೌದೆ ವಾಪಸು ಹಾಕಬಹುದು."

ಬೈಗುಳಕ್ಕೆ ತಯಾರಾಗಿ ಕೂತೆ. ಅಮ್ಮ ಎದ್ದು ಬಂದು ನನ್ನ ಎದುರಿಗೆ ಹಣ್ಣಿನ ಬುಟ್ಟಿ ಇಟ್ಟಳು. ಪಪ್ಪಾಯಿಯ ಒಂದು ಹೋಳು ನನ್ನ ಕೈಗೆ ಕೊಟ್ಟಳು.

"ತಿನ್ನು. ಬಿಡಬೇಡ. ಇದು ಕಾರಿನ ಹಾರ್ನ್."

ಅಲ್ಲಿಂದ ಮುಂದೆ ನಮಗೆ ಬುದ್ಧಿ ಇರಲಿಲ್ಲ. ರಾತ್ರಿಯ ಊಟಕ್ಕೆ ನಾವು ಎರಡು ಚಕ್ರ ಮುಗಿಸಿದೆವು. ಬೆಳಗಿನ ತಿಂಡಿಗೆ ಅಮ್ಮ ಮೂರು ಬಗೆಯ ರೊಟ್ಟಿ, ಅನಾನಸು, ಹೆಸರು ಗೊತ್ತಿಲ್ಲದ ಒಂದು ಸಿಹಿ ತಂದು, "ಇದು ಡಿಕ್ಕಿ, ಇದು ಕನ್ನಡಿ, ಇದು ಎಂಥದೋ ಒಳಗಿನ ಪಾರ್ಟು" ಎಂದು ಹಂಚಿದಳು. ಪಕ್ಕದ ಮೇಜಿನ ಬಿಳಿಯ ದಂಪತಿ ಎರಡು ತುಂಡು ಹಣ್ಣು ತಿಂದು ಎದ್ದು ಹೋದದ್ದನ್ನು ನೋಡಿ, "ಪಾಪ, ಅವರದ್ದು ಸೈಕಲ್ ಇರಬೇಕು" ಎಂದಳು. ನಾನು ಸಾರ್ವಜನಿಕ ಸ್ಥಳದಲ್ಲಿ ಜೋರಾಗಿ ನಗುವವಳಲ್ಲ. ಆ ದಿನ ಮೂಗಿನಿಂದ ಕಿತ್ತಳೆ ರಸ ಬಂತು.

ಮೂರನೆಯ ದಿನ ಸಂಜೆ, ನೀರು ಎರಡನೆಯ ಮೆಟ್ಟಿಲಿಗೆ ಇಳಿದಾಗ, ಅಮ್ಮ ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಏಣಿ ಹಿಡಿದಳು. "ಇಷ್ಟು ಕೊಟ್ಟ ಮೇಲೆ ಕಂಬ ನೋಡದೆ ಹೋಗುವುದುಂಟಾ?"

ನಾನು ಕಿತ್ತಳೆ ಬಣ್ಣದ ತೇಲುವ ಜಾಕೆಟ್ ಹಿಡಿದು ಹಿಂದೆ ಓಡಿದೆ. ನನಗೆ ಈಜು ಬಾರದು. ಅಮ್ಮನಿಗೂ ಬಾರದು ಎಂದುಕೊಂಡಿದ್ದೆ. ಅವಳು ಕೊನೆಯ ಮೆಟ್ಟಿಲಿನಲ್ಲಿ ಒಂದು ಉಸಿರು ಎಳೆದು, ಕೈ ಬಿಟ್ಟಳು. ನಾನು ಕಿರುಚಿದೆ. ಅಮ್ಮ ಮುಳುಗಲಿಲ್ಲ. ತಲೆ ಮೇಲಿಟ್ಟು, ಕಪ್ಪೆಯ ಹಾಗೆ ಕಾಲು ಬಿಡಿಸುತ್ತಾ, ನಮ್ಮ ಮನೆಯ ಅಡಿಗೆ ಹೋದಳು. ಒಂದು ಕಂಬದಿಂದ ಇನ್ನೊಂದಕ್ಕೆ. ಬೆರಳ ಗೆಣ್ಣಿನಿಂದ ತಟ್ಟುವ ಸದ್ದು ಹಲಗೆಯ ಕೆಳಗಿನಿಂದ ಕೇಳಿಸುತ್ತಿತ್ತು.

"ಸಿಮೆಂಟು!" ಅವಳ ಸ್ವರ ಕಾಲಡಿಯಿಂದ ಬಂತು. "ಮೇಲೆ ಮಾತ್ರ ಮರದ ಹಲಗೆ ಹೊಡೆದದ್ದು! ಮೋಸ! ಎಲ್ಲ ಸಿಮೆಂಟೇ!"

ಅಷ್ಟು ಖುಷಿಯಿಂದ ಯಾರೂ ಮೋಸ ಎಂದು ಕೂಗಿದ್ದನ್ನು ನಾನು ಕೇಳಿಲ್ಲ.

"ನಿನಗೆ ಈಜು ಬರುತ್ತದೆ ಅಂತ ಹೇಳಲೇ ಇಲ್ಲ!" ಎಂದು ನಾನು ಹಲಗೆಯ ಸಂದಿಗೆ ಬಾಯಿಟ್ಟು ಕೂಗಿದೆ.

"ನೀನು ಕೇಳಲೇ ಇಲ್ಲವಲ್ಲ. ಹೊಳೆಬದಿಯ ಮನೆಯಲ್ಲಿ ಹುಟ್ಟಿ ಈಜು ಬಾರದಿದ್ದರೆ ಹೇಗೆ? ಮದುವೆಯಾದ ಮೇಲೆ ನೀರಿಗೆ ಇಳಿದದ್ದಿಲ್ಲ, ಅಷ್ಟೆ. ಬಾ, ಇಳಿ! ನಿನ್ನ ಕಾರು ಇಲ್ಲಿಯೇ ಉಂಟು."

ಜಾಕೆಟ್ಟಿನ ಮೂರೂ ಬಕಲು ಹಾಕಿ, ಒಂದೊಂದನ್ನೂ ಎಳೆದು ನೋಡಿ, ಇಳಿದೆ. ಅಮ್ಮ ನನ್ನ ಜಾಕೆಟ್ಟಿನ ಕಾಲರ್ ಹಿಡಿದು ನಮ್ಮ ಮನೆಯ ಸುತ್ತ ಒಂದು ಸುತ್ತು ಎಳೆದುಕೊಂಡು ಹೋದಳು. ಎಡಕ್ಕೆ ತಿರುಗುವಾಗ ಬಾಯಿಯಲ್ಲಿ ಹಾರ್ನ್ ಹೊಡೆದಳು. ಅಂದರೆ ನಾವು ತಿಂದು ಮುಗಿಸಿದ್ದ ಹಾರ್ನ್.

ಅಷ್ಟು ಹಣ ಕೊಡುವಂಥದ್ದಾ ಅದು? ನೀರು ನೀಲಿಯಾಗಿಯೇ ಇತ್ತು, ಸುಳ್ಳಿಲ್ಲ. ಮೀನಿನ ಸಾರು ನಮ್ಮ ಮನೆಯದ್ದೇ ಚೆನ್ನ. ಬೊಂಡದ ರೇಟು ಅನ್ಯಾಯ. ಬೇರೆಯವರಿಗೆ ಹೋಗಿ ಎಂದು ನಾನು ಹೇಳಲಾರೆ. ಅವರ ಮನೆಯ ಕ್ಯಾಲೆಂಡರಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ.

ಮನೆಗೆ ತಲುಪಿದ ಸಂಜೆ ಬೆಳ್ತಂಗಡಿಯಿಂದ ಚಿಕ್ಕಮ್ಮನ ಫೋನು ಬಂತು. ಅಮ್ಮ ಸ್ಪೀಕರಿಗೆ ಹಾಕಿ ಅಕ್ಕಿ ಆರಿಸುತ್ತಾ ಮಾತಾಡಿದಳು.

"ಹೇಗಿತ್ತು ಅಕ್ಕ? ತುಂಬಾ ದುಡ್ಡಂತೆ ಅಲ್ಲಿ? ಕೊಟ್ಟದ್ದಕ್ಕೆ ಸರಿ ಉಂಟಾ?"

"ಕಂಬ ಸಿಮೆಂಟಿನದ್ದು" ಎಂದಳು ಅಮ್ಮ.

"ಎಂಥ ಕಂಬ?"

"ನಿನಗೆ ಗೊತ್ತಾಗುವುದಿಲ್ಲ. ಹೋಗಿ ನೋಡಬೇಕು." ಅನಂತರ ನನ್ನ ಕಡೆ ತಿರುಗಿ, ಫೋನಿಗೆ ಕೈ ಅಡ್ಡ ಹಿಡಿದು, "ಶೆಡ್ಡು ಹಾಗೆಯೇ ಖಾಲಿ ಇರಲಿ. ಮತ್ತೊಂದು ನಾಲ್ಕು ವರ್ಷ ಏನು ಮಹಾ?" ಎಂದಳು.

ಮರುದಿನ ಬೆಳಿಗ್ಗೆ ನಾನು ಎಂದಿನ ಬಸ್ಸು ಹತ್ತಿದೆ. ಸೀಟು ಇರಲಿಲ್ಲ. ಕಂಡಕ್ಟರ್ ಬೆನ್ನ ಹಿಂದಿನಿಂದ, "ಒಳಗೆ ಹೋಗಿ, ಒಳಗೆ ಹೋಗಿ, ಇನ್ನೂ ಮೂವರಿಗೆ ಜಾಗ ಉಂಟು" ಎಂದ. ಎಣಿಸಿ ನೋಡಿದೆ. ಒಬ್ಬರಿಗೂ ಇರಲಿಲ್ಲ. ಮುಂದೆ ಸರಿದು, ಮೇಲಿನ ಕಂಬಿ ಹಿಡಿದುಕೊಂಡೆ. ಸಿದ್ದಕಟ್ಟೆಯ ತಿರುವಿನಲ್ಲಿ ಡ್ರೈವರ್ ಹಾರ್ನ್ ಹೊಡೆದರು. ನಾನು ಮುಖವನ್ನು ತೋಳಿಗೆ ಒತ್ತಿಕೊಂಡು ಮೂಡುಬಿದಿರೆಯ ತನಕ ನಗುತ್ತಾ ನಿಂತೇ ಹೋದೆ.