ಆಣೆ ಇಟ್ಟ ಮೂರನೆಯ ದಿನ

ಮೊನ್ನೆ ರವಿಕೆಯ ಹೊಸ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಬಿಸಿಗೆ ಗಂಜಿಯ ಘಮ ಎದ್ದಿತು, ನೋಡಿ... ಹುಲ್ಲಹಳ್ಳಿಯ ನಮ್ಮ ಪಕ್ಕದ ಮನೆಯ ಟೈಲರಣ್ಣ ಎದುರಿಗೇ ಬಂದು ನಿಂತಂತಾಯಿತು. ನಾನು ಮದುವೆಯಾಗಿ ಆ ಊರಿಗೆ ಬಂದ ಹೊಸತರಲ್ಲಿ ನನ್ನ ರವಿಕೆಗಳನ್ನೆಲ್ಲ ಹೊಲಿದುಕೊಟ್ಟವರು ಅವರೇ.

ಟೈಲರಣ್ಣ ಕುಡಿಯುತ್ತಿದ್ದುದು ಬೀದಿಗೆಲ್ಲ ಗೊತ್ತಿತ್ತು. ಆದರೂ ಅವರನ್ನು ಯಾರೂ ಕುಡುಕ ಎನ್ನುತ್ತಿರಲಿಲ್ಲ. ಕುಡುಕ ಎಂದರೆ ಮೋರಿಯಲ್ಲಿ ಬೀಳಬೇಕು, ಹೆಂಡತಿಗೆ ಹೊಡೆಯಬೇಕು. ಅದು ನಮ್ಮ ಬೀದಿಯ ತೀರ್ಪು. ಇವರೋ ಕುಡಿದಷ್ಟೂ ಮೆತ್ತಗಾಗುವ ಮನುಷ್ಯ. ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಕೈ ಅದುರುತ್ತಿತ್ತು. ಒಂದು ಸುತ್ತು ಹೊರಗೆ ಹೋಗಿ ಬಂದರೆ ನೆಟ್ಟಗಾಗುತ್ತಿತ್ತು. ಕಣ್ಣು ಹಳದಿಯಾದಾಗ ಕಾಮಾಲೆ ಎಂದು ನೆಲನೆಲ್ಲಿ ಅರೆದು ಕುಡಿಸಿದರು. ಕಾಲು ಊದಿಕೊಂಡಾಗ, ಪೆಡಲ್ ತುಳಿದೂ ತುಳಿದೂ ಹೀಗಾಗಿದೆ ಎಂದೆವು. ಎಲ್ಲದಕ್ಕೂ ನಮ್ಮ ಬಳಿ ಒಂದು ಕಾರಣ ಸಿದ್ಧವಿರುತ್ತಿತ್ತು.

ಒಂದು ಸೋಮವಾರ ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವಳು, ಅವರನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಆರು ವರ್ಷದ ಮಗಳ ತಲೆ ಮುಟ್ಟಿಸಿ ಆಣೆ ಮಾಡಿಸಿದಳು. ಇನ್ನು ಒಂದು ತೊಟ್ಟೂ ಮುಟ್ಟುವುದಿಲ್ಲ ಎಂದರು. ನಮ್ಮ ಕಡೆ ಹೆತ್ತ ಮಗುವಿನ ತಲೆ ಮುಟ್ಟಿದರೆ ಮುಗಿಯಿತು. ಮುರಿದರೆ ಮಗುವಿಗೇ ತಟ್ಟುತ್ತದೆ. ಬೀದಿಯೆಲ್ಲ ಸಂತೋಷ. ನಾನೂ ಅವರ ಮನೆಯಲ್ಲಿ ಪಾಯಸ ಕುಡಿದು ಬಂದೆ.

ಮಾರನೆಯ ದಿನ ಕೈ ಮಾತ್ರವಲ್ಲ, ಮೈಯೆಲ್ಲ ನಡುಗತೊಡಗಿತು. ಒಂದೇ ಸಮ ಬೆವರು. ನಿದ್ದೆಯಿಲ್ಲ, ಊಟ ಸೇರದು. ಆಸ್ಪತ್ರೆಗೆ ತೋರಿಸಬಾರದೇ ಎಂದೆ.

"ವಿಸ ಇಳೀತಾ ಅದೆ ಕಣವ್ವ, ನಡುಗ್ಲಿ ಬುಡು," ಎಂದಳು ಅಕ್ಕ. ಅವಳ ಮುಖದಲ್ಲಿ ಆಗ ಎಂಥ ಗೆಲುವಿತ್ತು! ನನಗೂ ಅದೇ ಸರಿ ಅನ್ನಿಸಿತು.

ಮೂರನೆಯ ದಿನ ಮಧ್ಯಾಹ್ನ ಅವಳು ಕೂಗಿಕೊಂಡದ್ದು ಕೇಳಿ ಓಡಿದೆ. ಟೈಲರಣ್ಣ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಮುಂದೆ ಮಷಿನ್ ಇಲ್ಲ, ಮಡಿಲಲ್ಲಿ ಬಟ್ಟೆ ಇಲ್ಲ. ಆದರೂ ಹೊಲಿಯುತ್ತಿದ್ದರು. ಗಾಳಿಯಲ್ಲೇ ದಾರ ಎಳೆದರು, ಹಲ್ಲಿನಲ್ಲಿ ಕಡಿದರು, ಇಲ್ಲದ ಬಟ್ಟೆಯನ್ನು ಕೊಡವಿ ನನ್ನತ್ತ ಚಾಚಿದರು.

"ಈ ತುದಿ ಇಡ್ಕೊಳಮ್ಮ, ಸಂಜೆಗೆ ಕೊಡ್ಬೇಕು."

ಗಾಳಿ ಸೋಕಿದೆ ಎಂದು ಯಾರೋ ವಿಭೂತಿ ತಂದರು. ಒಂದು ಗುಟುಕು ಕುಡಿಸಿ ನೋಡಿ ಎಂದ ಬೀದಿಯ ಅಜ್ಜನೊಬ್ಬನ ಮೇಲೆ ಅಕ್ಕ ಮಗಳನ್ನು ಅವುಚಿಕೊಂಡೇ ಹರಿಹಾಯ್ದಳು. ಆ ಗದ್ದಲದಲ್ಲೇ ಟೈಲರಣ್ಣನ ಕಣ್ಣು ಮೇಲಾಯಿತು, ಮೈ ಸೆಟೆದುಕೊಂಡು ಅದುರಿತು. ಆಟೋದಲ್ಲಿ ಹಾಕಿಕೊಂಡು ನಂಜನಗೂಡಿಗೆ ಹೊರಟೆವು. ದಾರಿಯಲ್ಲಿ ಮತ್ತೆ ಫಿಟ್ಸ್ ಬಂತು... ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೆ ಎಲ್ಲ ಮುಗಿಯಿತು.

ಡಾಕ್ಟರು ಎಲ್ಲ ಕೇಳಿ ತಿಳಿದುಕೊಂಡು ತಲೆಯಾಡಿಸಿದರು. "ಇಷ್ಟು ವರ್ಷ ಕುಡಿದ ಮೈ ಕಣಮ್ಮ, ಒಂದೇ ಸಲ ನಿಲ್ಲಿಸಿದ್ರೆ ತಡ್ಕೊಳಲ್ಲ. ಬಿಡ್ಬೇಕು ಅಂದಾಗ್ಲೇ ಕರ್ಕೊಂಡ್ ಬಂದಿದ್ರೆ ಔಷಧಿ ಕೊಟ್ಟು ಬಿಡಿಸ್ತಿದ್ವಲ್ಲ."

ಕುಡಿದು ಸತ್ತವರ ಬಗ್ಗೆ ಕೇಳಿದ್ದೆ. ಕುಡಿತ ಬಿಟ್ಟು ಸಾಯುವುದುಂಟೇ? ಆ ದಿಗಿಲು ಇವತ್ತಿಗೂ ಇಳಿದಿಲ್ಲ. ಯಾರಾದರೂ ಕುಡಿತ ಬಿಡುತ್ತೇನೆ ಎಂದರೆ, ದೇವಸ್ಥಾನಕ್ಕೆ ನಾಳೆ ಹೋಗು, ಇವತ್ತು ಡಾಕ್ಟರ ಹತ್ತಿರ ನಡೆ ಎಂದು ಜಗಳಕ್ಕೇ ನಿಲ್ಲುತ್ತೇನೆ.

ಆ ಮಗಳಿಗೆ ಈಗ ತಿ. ನರಸೀಪುರದಲ್ಲಿ ಸಂಸಾರ. ಹೋದ ತಿಂಗಳು ಅವಳ ಕೂಸು ನೋಡಲು ಹೋಗಿದ್ದೆ. ಹೊರಡುವಾಗ ಕಾಲಿಗೆ ಬಿದ್ದಳು. ಹರಸಲೆಂದು ಕೈ ಚಾಚಿದೆ. ಅವಳು ಥಟ್ಟನೆ ತಲೆ ಪಕ್ಕಕ್ಕೆ ಸರಿಸಿಕೊಂಡಳು.

"ತಲೆ ಮುಟ್ಬೇಡಿ ಚಿಕ್ಕಮ್ಮ... ಬಾಯಲ್ಲೇ ಒಳ್ಳೇದಾಗ್ಲಿ ಅನ್ನಿ, ಸಾಕು."

ಬಾಯಲ್ಲೇ ಹರಸಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು.