ಮೇಣೆಯಲ್ಲಿ ಕೂತ ಕಲ್ಲು

ಯಲಬುರ್ಗಾದ ನನ್ನ ಗಂಡನ ಮನೆಯಲ್ಲಿ ಹೆಂಗಸರು ಊರ ಹೊರಗೆ ನಡೆದುಹೋದರೆ ಮನೆತನದ ಇಜ್ಜತ್ತು ಮಣ್ಣುಪಾಲಾದಂತೆ. ಕೊಪ್ಪಳದ ಸ್ಟೇಷನ್ನಿಗೆ ಮೋಟಾರು ಓಡತೊಡಗಿತ್ತು, ನಿಜಾಮರ ಕಚೇರಿಯ ಗುಮಾಸ್ತರು ಸೈಕಲ್ ತುಳಿಯುತ್ತಿದ್ದರು, ನಮಗೆ ಮಾತ್ರ ಮೇಣೆ. ಎರಡೂ ಕಡೆ ಪಡದಾ ಇಳಿಬಿಟ್ಟ ಆ ಪೆಟ್ಟಿಗೆಯಲ್ಲಿ ಮೊಣಕಾಲು ಮಡಚಿ ಕೂತರೆ ಉಪ್ಪಿನಕಾಯಿ ಭರಣಿಯೊಳಗೆ ಕೂತ ಹಾಗೆ. ಅದಕ್ಕೂ ಹೊಟ್ಟೆ ಉರಿದುಕೊಳ್ಳುವವರು ಊರಲ್ಲಿದ್ದರು.

ಮೇಣೆ ಹೊರುತ್ತಿದ್ದವರು ಒಂದೇ ಮನೆಯ ನಾಲ್ವರು, ಹಿರಿಯನೊಬ್ಬ ಮತ್ತು ಅವನ ತಮ್ಮಂದಿರು. ಅವರಿಗೆ ಕೂಲಿ ಇರಲಿಲ್ಲ. ಅದರ ಬದಲು ಹಳ್ಳದ ದಂಡೆಯ ಒಂದು ಎರೆಹೊಲವನ್ನು ಮಾವನವರ ಅಜ್ಜ ಅವರ ಮನೆತನಕ್ಕೆ ಉಣ್ಣಲು ಬಿಟ್ಟಿದ್ದರು. ನಾಲ್ಕು ಹೆಗಲು ಗಟ್ಟಿ ಇರುವ ತನಕ ಹೊಲ ಅವರದು, ಒಂದು ಹೆಗಲು ಬಿದ್ದರೆ ಬೇರೆ ಮನೆಯವರದು. ಈ ಕರಾರು ನನಗೂ ಚೆನ್ನಾಗಿ ಗೊತ್ತಿತ್ತು.

ಲಗ್ನವಾದ ಮರುವರ್ಷ ದಸರೆ ಮುಗಿದ ಮೇಲೆ, ಇಟಗಿ ಕಡೆಯ ನನ್ನ ತವರಿಗೆ ಆ ನಾಲ್ವರು ಮೇಣೆ ತಗೊಂಡು ನನ್ನನ್ನು ಕರೆಯಲು ಬಂದರು. ಅವ್ವ ಮಜ್ಜಿಗೆ ಕೊಟ್ಟಾಗ ಹಿರಿಯ ಎಡಗೈಯಲ್ಲಿ ತಂಬಿಗೆ ಹಿಡಿದ. ಬಲ ಹೆಗಲು ಅರಿವೆಯ ಕೆಳಗೆ ಬಾತುಕೊಂಡಿತ್ತು. ಏನಾಯಿತೆಂದು ಕೇಳಿದೆ.

“ಬಾವು ಬಂದೈತ್ರಿ ತಾಯಿ. ಇಳೀತೈತಿ ಬಿಡ್ರಿ. ಧಣ್ಯಾರ ಮುಂದ ಮಾತ್ರ ಹೇಳಬ್ಯಾಡ್ರಿ.”

ನನಗಾಗ ಹರೆಯ. ಅಪ್ಪ ತರಿಸುತ್ತಿದ್ದ ಪತ್ರಿಕೆ ಓದಿ ಓದಿ ತಲೆಯ ತುಂಬ ದೊಡ್ಡ ಮಾತುಗಳು. ಮನುಷ್ಯರ ಹೆಗಲೇರಿ ಕೂರುವುದಿಲ್ಲ, ಗಾಡಿಯಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದೆ. ಅವ್ವ ಬೈದಳು, ಅತ್ತಳು. ಅಪ್ಪ ನಕ್ಕು ಎತ್ತು ಹೂಡಿಸಿದ. “ಖಾಲಿ ಮೇಣೆ ಸಾವಕಾಶ ತಗೊಂಡು ಬರ್ರಿ” ಎಂದು ಅವರಿಗೆ ಹೇಳಿ ಗಾಡಿ ಹತ್ತಿದೆ. ಹಿರಿಯ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಪಾಪ, ಉಪಕಾರಕ್ಕೆ ಮಾತೇ ಹೊರಡುತ್ತಿಲ್ಲ ಎಂದುಕೊಂಡೆ ನಾನು. ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಯಲಬುರ್ಗಾ ಮುಟ್ಟಿದರೆ ಅತ್ತೆ ಬಾಗಿಲಲ್ಲೇ ತಡೆದರು. ಮೇಣೆ ಬರುವ ತನಕ ನಾನು ಹೊಸ್ತಿಲು ದಾಟಬಾರದಂತೆ. ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತೆ. ಹೊತ್ತು ಇಳಿದ ಮೇಲೆ ಮೇಣೆ ಬಂತು. ಮುಂದಿನ ದಂಡಿಗೆ ಹೆಗಲು ಕೊಟ್ಟಿದ್ದ ಹಿರಿಯನ ಮುಖದಲ್ಲಿ ರಕ್ತವೇ ಇರಲಿಲ್ಲ. ಅತ್ತೆ ಪಡದಾ ಸರಿಸಿದರು. ನಾನು ಕೂರುವ ಜಾಗದಲ್ಲಿ ನಮ್ಮವ್ವನ ಬೀಸುವ ಕಲ್ಲು ಕೂತಿತ್ತು, ಅರಿಶಿನ ಕುಂಕುಮ ಹಚ್ಚಿಕೊಂಡು, ಹಸಿರು ಖಣ ಹೊದ್ದುಕೊಂಡು.

ಸೊಸೆಯನ್ನು ಕರೆಯಲು ಹೋದ ಮೇಣೆ ಬರಿದಾಗಿ ಮರಳಿದರೆ ಅವಳ ಬಾಳೂ ಬರಿದಾಗುತ್ತದೆಂದು ನಮ್ಮವರ ನಂಬಿಕೆ, ನನಗದು ತಿಳಿದದ್ದು ಅಂದೇ. ಅವಳ ಬದಲು ಕಲ್ಲಾದರೂ ಕೂರಬೇಕು. ಕೂತ ಕಲ್ಲನ್ನು ಗಂಡನ ಮನೆಯ ಹೊಸ್ತಿಲಲ್ಲೇ ಇಳಿಸಬೇಕು, ದಾರಿಯಲ್ಲಿ ನೆಲ ಮುಟ್ಟಿಸುವಂತಿಲ್ಲ. ಗಾಡಿ ಮರೆಯಾದದ್ದೇ ಅವ್ವ ಅದನ್ನು ಎತ್ತಿಸಿ ಇಟ್ಟಿದ್ದಳು. ಪತ್ರಿಕೆಯಲ್ಲಿ ಯಾರೂ ಇದನ್ನು ಬರೆದಿರಲಿಲ್ಲ. ಧಣಿಗಳ ಸೊಸೆಗೆ ಎದುರು ಹೇಳುವುದು ಹಿರಿಯನಿಂದಲೂ ಆಗಲಿಲ್ಲ. ನಾನೇ ಕೂತಿದ್ದರೆ ಮರ ಕಂಡಲ್ಲಿ ಇಳಿಸಿ ಎನ್ನುತ್ತಿದ್ದೆ, ನೀರು ಬೇಕೆನ್ನುತ್ತಿದ್ದೆ. ಕಲ್ಲು ಏನೂ ಕೇಳಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಅಂದಿನಿಂದ ಹಿರಿಯನ ಬಲಗೈ ಮೇಲೇಳಲಿಲ್ಲ. ಮಾವನವರು ಕಟುಕರೇನಲ್ಲ, ನಿಂತ ಬೆಳೆ ಕೊಯ್ದುಕೊಳ್ಳಲಿ ಎಂದರು. ಆಮೇಲೆ ಹೊಲ ಬೇರೆಯವರಿಗೆ. ನಾನು ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ಗೋಗರೆದೆ.

“ತಪ್ಪು ನಂದೈತ್ರಿ. ಅವನ ಹೊಲ ಬಿಡಸಬ್ಯಾಡಂತ ಮಾವನವರಿಗೆ ಹೇಳ್ರಿ.”

“ತಪ್ಪು ಯಾರದರ ಇರವಲ್ದ್ಯಾಕ, ಮೇಣೇಕ ನಾಕು ಹೆಗಲು ಬೇಕಲ್ಲ,” ಎಂದು ಅವರು ರೊಟ್ಟಿ ಬಡಿಯುತ್ತಲೇ ಇದ್ದರು.

ಜೋಳ ಹಾಲುಗಾಳಾದಾಗ ಹಿರಿಯನ ಹೆಂಡತಿ ಸೀತನಿ ತಂದಳು. ಎಳೆ ತೆನೆ ಸುಟ್ಟು ಉದುರಿಸಿದ ಕಾಳು, ಪ್ರತಿ ವರ್ಷ ತರುತ್ತಿದ್ದಳಂತೆ. ಹಿತ್ತಲ ಬಾಗಿಲಲ್ಲಿ ನನ್ನ ಸೆರಗಿಗೆ ಸುರಿದಳು, ಇನ್ನೂ ಬಿಸಿಯಾಗಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

“ನನ್ನ ಮ್ಯಾಲ ಸಿಟ್ಟಿಲ್ಲೇನು?”

“ಸಿಟ್ಟು ಯಾಕ್ರಿ ತಾಯಿ, ನೀವು ಛಲೋದ ಮಾಡಾಕ ಹೋಗಿದ್ರಿ.” ಖಾಲಿ ಬಟ್ಟೆ ಕೊಡವಿ ಮಡಚಿಕೊಂಡಳು. “ಒಂದ ಮಾತು ನಡಸಿಕೊಡ್ರಿ. ಇನ್ನ ಮ್ಯಾಲ ಸುಮ್ಮ ಕುಂದರ್ರಿ. ಹೊಸದಾಗಿ ಹೊರಾಕ ಬಂದವರೂ ಮಕ್ಕಳೊಂದಿಗರ ಅದಾರ.”

ಆ ಮಾತು ನಡೆಸಿಕೊಟ್ಟೆ. ಮೇಣೆ ಮೂಲೆ ಸೇರುವ ತನಕ ಹೊಸಬರ ಹೆಗಲ ಮೇಲೆ ಸುಮ್ಮನೆ ಕೂತು ಹೋದೆ, ಕೂತು ಬಂದೆ.